ಮಾಧ್ಯಮ ಕನ್ನಡ, ಅಧ್ಯಾಪಕರು ಯಾರು? ಕಾಸರಗೋಡಿನ ಶಾಲೆಗಳಲ್ಲಿ ಶೈಕ್ಷಣಿಕ ನ್ಯಾಯದ ಪ್ರಶ್ನೆ

ಗಡಿನಾಡಿನ ಕನ್ನಡ ಶಾಲೆ ಅಂದಕೂಡಲೇ ನಾವು ಮುಚ್ಚಿಹೋಗುವ ಶಾಲೆಗಳ ಮಾತೆತ್ತುತ್ತೇವೆ. ನಾನಿವತ್ತು ತೆರೆದಿರುವ ಶಾಲೆಗಳ ಬಗ್ಗೆ ಮಾತಾಡ್ತೇನೆ. ಬೋರ್ಡಿನಲ್ಲಿ ಕನ್ನಡ ಮಾಧ್ಯಮ ಅಂತ ಇದ್ದರೆ ಸಾಲದು, ತರಗತಿಗೆ ಬರುವ ಅಧ್ಯಾಪಕರಿಗೂ ಕನ್ನಡ ಬರಬೇಕು. ನನ್ನ ವಾದ ಇಷ್ಟೇ.

ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಅನ್ನುತ್ತದೆ. ಹೈಸ್ಕೂಲಿನ ಮಾತು ಅದರಲ್ಲಿಲ್ಲ. ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ಅನೇಕ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಠಿ ಅಥವಾ ಬ್ಯಾರಿ. ಇವರೆಲ್ಲ ಒಟ್ಟಿಗೆ ಕೂತು ಓದಿದ ಭಾಷೆ ಕನ್ನಡ.

ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದ 1967ರ ಮಹಾಜನ ವರದಿ ಜಾರಿಯಾಗಲಿಲ್ಲ. ಆಗ ಭಾಷೆಯನ್ನು ಕಾಯುವ ಕೆಲಸ ಬಹುಮಟ್ಟಿಗೆ ಮಾಸ್ಟ್ರುಗಳ ಹೆಗಲಿಗೆ ಬಿತ್ತು. ಕಯ್ಯಾರ ಕಿಞ್ಞಣ್ಣ ರೈ (1915–2015) ಇದಕ್ಕೆ ದೊಡ್ಡ ಉದಾಹರಣೆ. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಪಾಠ ಹೇಳಿದ, 1969ರಲ್ಲಿ ರಾಷ್ಟ್ರಮಟ್ಟದ ಅಧ್ಯಾಪಕ ಪ್ರಶಸ್ತಿ ಪಡೆದ ಅವರೇ ವಿಲೀನೀಕರಣ ಚಳವಳಿಯ ಮುಂದಾಳು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಹೌದು. ಮಕ್ಕಳಿಗೂ ಹೆತ್ತವರಿಗೂ ಅವರ ಮಾತು ನೇರವಾಗಿ ಮುಟ್ಟುತ್ತಿತ್ತು.

ಈಗಿನ ಸ್ಥಿತಿ ನೋಡುವ. ಕೇರಳದ ಅನುದಾನಿತ ಶಾಲೆಗಳಲ್ಲಿ ಮ್ಯಾನೇಜರು ನೇಮಕ ಮಾಡ್ತಾರೆ, ಸರಕಾರ ಸಂಬಳ ಕೊಡ್ತದೆ. ಸರಕಾರಿ ಶಾಲೆಗೆ ಪಿಎಸ್‌ಸಿಯೇ ಆರಿಸಬೇಕು. ಕನ್ನಡ ಮಾಧ್ಯಮದ ಹುದ್ದೆಗಳೇನೋ ಪ್ರತ್ಯೇಕವಾಗಿವೆ. ಆದರೂ ಕನ್ನಡ ಸರಿಯಾಗಿ ಬಾರದವರು ಆ ಹುದ್ದೆಗಳಿಗೆ ಬಂದಿದ್ದಾರೆ. ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದಾರೆ.

ಇದನ್ನು ನಾನು ಬೆಂಚಿನಲ್ಲಿ ಕೂತು ನೋಡಿದವಳು. ಎಂಟನೇ ತರಗತಿಯಲ್ಲಿ ಗಣಿತಕ್ಕೆ ಬಂದ ಟೀಚರಿಗೆ ಕನ್ನಡ ಬರ್ತಿರಲಿಲ್ಲ. ಒಳ್ಳೆಯವರು, ಗಣಿತವೂ ಚೆನ್ನಾಗಿ ಗೊತ್ತಿತ್ತು. ನಾವು ಬೋರ್ಡಿನ ಅಂಕಿಗಳನ್ನು ಬರೆದುಕೊಳ್ತಿದ್ದೆವು, ಯಾಕೆ ಹಾಗೆ ಅಂತ ಕೇಳ್ಲಿಕ್ಕೆ ಮಾತಿರಲಿಲ್ಲ. ಮಲಯಾಳ ಬಲ್ಲ ಇಬ್ಬರು ಗೆಳತಿಯರು ಪಿಸುದನಿಯಲ್ಲಿ ತರ್ಜುಮೆ ಮಾಡ್ತಿದ್ದರು. ಟ್ಯೂಷನ್ನಿಗೆ ದುಡ್ಡಿದ್ದವರು ಪಾರಾದರು. ಬೀಡಿ ಕಟ್ಟುವ ಮನೆಗಳಿಂದ ಬಂದವರು ಹಿಂದೆ ಬಿದ್ದರು. ಅನ್ಯಾಯ ಭಾಷೆಗೆ ಆಯಿತು ಅನ್ನುತ್ತೇವೆ. ಅದರ ಪೆಟ್ಟು ಮೊದಲು ಬಿದ್ದದ್ದು ಬಡವರ ಮಕ್ಕಳಿಗೆ.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಕೇರಳದಲ್ಲಿ ಬದುಕುವವರಿಗೆ ಮಲಯಾಳ ಬೇಡವಾ? ಕಚೇರಿಯ ಅರ್ಜಿ, ನೌಕರಿ ಎಲ್ಲ ಆ ಭಾಷೆಯಲ್ಲಿರುವಾಗ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಕಾಸರಗೋಡಿನಲ್ಲಿ ದೊಡ್ಡ ಪ್ರತಿಭಟನೆ ಆಯಿತು. ಆ ಆತಂಕ ನನಗೆ ಅರ್ಥವಾಗ್ತದೆ. ಆದರೆ ಮಲಯಾಳವನ್ನು ಒಂದು ವಿಷಯವಾಗಿ ಕಲಿಯುವುದು ಬೇರೆ, ಗಣಿತ ವಿಜ್ಞಾನಗಳನ್ನು ಅರ್ಥವಾಗದ ಮಾತಿನಲ್ಲಿ ಕೇಳುವುದು ಬೇರೆ. ಮೊದಲನೆಯದು ಮಕ್ಕಳಿಗೆ ಲಾಭ. ಎರಡನೆಯದರಿಂದ ಅವರು ಕಲಿಕೆಯನ್ನೇ ಕಳೆದುಕೊಳ್ಳುತ್ತಾರೆ.

ಆದ್ದರಿಂದ ನನ್ನ ಸಲಹೆ ಚಿಕ್ಕದು. ಕನ್ನಡ ಮಾಧ್ಯಮದ ಹುದ್ದೆಗೆ ಆರಿಸುವಾಗ ಪ್ರಮಾಣಪತ್ರದ ಜೊತೆಗೆ ಅಭ್ಯರ್ಥಿಯಿಂದ ಒಂದು ಪಾಠವನ್ನು ಕನ್ನಡದಲ್ಲಿ ಮಾಡಿಸಿ ನೋಡಲಿ. ಕೇಳುಗರಾಗಿ ನಾಲ್ಕು ಮಕ್ಕಳೂ ಇರಲಿ. ಅವರು ಎದ್ದು ಪ್ರಶ್ನೆ ಕೇಳಿ ಕನ್ನಡದಲ್ಲೇ ಉತ್ತರ ಪಡೆದರೆ ಆ ಅಧ್ಯಾಪಕರು ನಮ್ಮ ಶಾಲೆಗೆ ಸಲ್ಲುತ್ತಾರೆ.