ಲೋಪ, ಆಗಮ, ಆದೇಶ: ನೀಲಗುಂದದ ಹೆಸರು ಮತ್ತು ಸಡಿಲ ಶೋಧದ ಇತಿಹಾಸ

ಶಾಸನಸೂಚಿಯೊಂದನ್ನು ವೆಬ್ ಅಪ್ಲಿಕೇಶನ್ ಆಗಿ ಕಟ್ಟಲು ತೊಡಗುವ ಸಂಶೋಧನ ವಿದ್ಯಾರ್ಥಿ ಮೊದಲು ಅಳವಡಿಸುವುದು ಯಥಾವತ್ ಹೊಂದಿಕೆಯ ಶೋಧವನ್ನು. ಅಲ್ಲಿ ‘ನಿಲಗುಂದ’ ಎಂದು ಟೈಪಿಸಿದರೆ ‘ನೀಲಗುಂದ’ ದೊರೆಯದು. ಈ ಕೊರತೆಯನ್ನು ನೀಗಿಸುವ ಸಡಿಲ ಶೋಧಕ್ಕೆ ಶತಮಾನದ ಇತಿಹಾಸವಿದೆ. ಅದು ಕನ್ನಡಕ್ಕೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಹರಪನಹಳ್ಳಿ ತಾಲ್ಲೂಕಿನ ನೀಲಗುಂದದ ಹೆಸರಿನ ಮೂಲಕ ಇಲ್ಲಿ ಪರಿಶೀಲಿಸುತ್ತೇವೆ.

ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಪೇಟೆಂಟ್ ಪಡೆದ ವಿಧಾನವು ಉಚ್ಚಾರಣೆಯಲ್ಲಿ ಸಮೀಪವಾದ ಧ್ವನಿಗಳನ್ನು ಒಂದೇ ಅಂಕಿಯಡಿ ತಂದಿತು. ಮುಂದೆ ‘ಸೌಂಡೆಕ್ಸ್’ ಎಂದು ಹೆಸರಾದ ಪದ್ಧತಿಗೆ ಇದೇ ಮೂಲ. 1964ರಲ್ಲಿ ಫ್ರೆಡರಿಕ್ ಡ್ಯಾಮರೋ, ಕಾಗುಣಿತದ ದೋಷಗಳಲ್ಲಿ ಶೇ. 80ಕ್ಕೂ ಹೆಚ್ಚಿನವು ನಾಲ್ಕೇ ಬಗೆಯವೆಂದು ತೋರಿಸಿದರು. ನಮ್ಮ ಸಂಧಿಪ್ರಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಒಂದು ಅಕ್ಷರದ ಲೋಪ, ಆಗಮ, ಆದೇಶ. ಜೊತೆಗೆ ಪಕ್ಕದ ಎರಡಕ್ಷರಗಳ ಪಲ್ಲಟ. 1965ರಲ್ಲಿ ವ್ಲಾದಿಮಿರ್ ಲೆವೆನ್‌ಶ್ಟೈನ್ ಮೊದಲ ಮೂರರ ಕನಿಷ್ಠ ಸಂಖ್ಯೆಯನ್ನೇ ಎರಡು ಪದಗಳ ನಡುವಿನ ಅಂತರವೆಂದು ಗಣಿಸಿದರು.

ಈ ಅಳತೆಯನ್ನು ಯುನಿಕೋಡ್ ಸಂಕೇತಗಳಿಗೆ ನೇರವಾಗಿ ಅನ್ವಯಿಸಿದರೆ ತೊಡಕು ಕಾಣುತ್ತದೆ. ‘ನೀಲಗುಂದ’ ಮತ್ತು ‘ನೀಲಗುನ್ದ’ಗಳ ಅಂತರ 2: ಬಿಂದುವಿನ ಸ್ಥಾನದಲ್ಲಿ ನಕಾರದ ಆದೇಶ, ವಿರಾಮಚಿಹ್ನೆಯ ಆಗಮ. ‘ನೀಲಗುಂಡ’ಕ್ಕಾದರೋ ಅಂತರ 1 ಮಾತ್ರ. ಮೊದಲ ಜೋಡಿ ಒಂದೇ ಉಚ್ಚಾರಣೆಯ ಎರಡು ಬರಹರೂಪ. ಬಿಂದು ಮತ್ತು ವರ್ಗಾನುನಾಸಿಕ ಎರಡೂ ಶಾಸನಪಾಠಗಳಲ್ಲಿ ಸಿಗುತ್ತವೆ. ಎರಡನೆಯದರಲ್ಲಿ ಧ್ವನಿಯೇ ಬೇರೆ. ಯಂತ್ರ ಹತ್ತಿರವೆಂದದ್ದು ಭಾಷೆಗೆ ದೂರ.

ಧ್ವನಿಸಾಮೀಪ್ಯವನ್ನು ತೂಗುವ ವಿಚಾರ ಕನ್ನಡಕ್ಕೆ ಹೊಸದಲ್ಲ. ಕವಿರಾಜಮಾರ್ಗದ ಕಾಲದಿಂದಲೂ ಲಾಕ್ಷಣಿಕರು ವರ್ಗಪ್ರಾಸ, ಸಮೀಪಪ್ರಾಸಗಳೆಂದು ಸಾಮ್ಯದ ತರತಮವನ್ನು ಗುರುತಿಸಿದ್ದಾರೆ. ಆದುದರಿಂದ ಬರಹಭೇದಗಳನ್ನು ಮೊದಲು ಏಕರೂಪಕ್ಕೆ ತಂದು, ಬಳಿಕ ಧ್ವನಿವರ್ಗಕ್ಕೆ ತಕ್ಕ ತೂಕವಿಟ್ಟು ಅಂತರವನ್ನು ಎಣಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಅಷ್ಟಾದರೂ ಒಂದು ಸಮಸ್ಯೆ ಉಳಿಯುತ್ತದೆ. ಅಮೋಘವರ್ಷನ ಕಾಲದ, ಕ್ರಿ.ಶ. 866ರ ಶಾಸನವಿರುವುದು ಗದಗ ಸೀಮೆಯ ನೀಲಗುಂದದಲ್ಲಿ. ಚಾಲುಕ್ಯಶೈಲಿಯ ಭೀಮೇಶ್ವರ ದೇವಾಲಯವಿರುವುದು ಹರಪನಹಳ್ಳಿಯ ನೀಲಗುಂದದಲ್ಲಿ. ಇಲ್ಲಿ ಅಂತರ ಸೊನ್ನೆ, ಊರು ಎರಡು. ಜಿಲ್ಲೆಯ ಹೆಸರೂ ಪೂರ್ಣ ನೆರವಾಗದು: ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿತು. ಹೀಗಾಗಿ ಸೂಚಿಯು ಪ್ರತಿ ದಾಖಲೆಗೂ ಮೂಲಪಾಠದ ರೂಪ, ಏಕರೂಪಗೊಳಿಸಿದ ರೂಪ, ಕಾಲಸಹಿತವಾದ ಸ್ಥಳನಿರ್ದೇಶ ಈ ಮೂರನ್ನೂ ಪ್ರತ್ಯೇಕವಾಗಿ ಉಳಿಸಿಕೊಳ್ಳಬೇಕು. ಶೋಧವು ಸಡಿಲವಾಗಬಹುದು, ಪಾಠ ಸಡಿಲವಾಗಬಾರದು.