ಗೃಹಶಿಕ್ಷಣ: ಬ್ರಾಹ್ಮೀ-ಸುಂದರಿಯರ ಪರಂಪರೆ ಮತ್ತು ಶ್ರಾವಕರ ಹೊಣೆ

ತುಮಕೂರಿನ ಉಪ್ಪಾರಹಳ್ಳಿ ಇಂದು ನಗರದೊಳಗೆ ಬೆರೆತುಹೋದ ಬಡಾವಣೆ. ಹೆಸರು ಮಾತ್ರ ಹಳೆಯ ನೆನಪನ್ನು ಉಳಿಸಿಕೊಂಡಿದೆ. ಉಪ್ಪಾರರು ಉಪ್ಪು ತೆಗೆಯುವ, ಗೋಡೆ ಕಟ್ಟುವ ಕಾಯಕದವರು. ಆ ವಿದ್ಯೆಯನ್ನು ಅವರು ಯಾವ ಶಾಲೆಯಲ್ಲಿಯೂ ಕಲಿತವರಲ್ಲ. ತಂದೆಯ ಕೈಯಲ್ಲಿದ್ದ ತೂಗುಗುಂಡೇ ಮಗನ ಮೊದಲ ಪಾಠೋಪಕರಣವಾಗಿತ್ತು. ವರ್ತಕರ ಮನೆಯಲ್ಲಿ ತಕ್ಕಡಿ ಮತ್ತು ಖಾತೆ ಪುಸ್ತಕಗಳು ಅದೇ ಕೆಲಸವನ್ನು ಮಾಡುತ್ತಿದ್ದವು.

ಈಚಿನ ವರ್ಷಗಳಲ್ಲಿ ನಗರವಾಸಿಗಳಾದ ಕೆಲವು ತಂದೆ ತಾಯಂದಿರು ಚಿಕ್ಕ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸಲು ಬಯಸುತ್ತಿದ್ದಾರೆ. ಹಿರಿಯರಿಗೆ ಇದು ಅಪಾಯಕರವಾದ ಹೊಸತನವಾಗಿ ಕಾಣುತ್ತದೆ. ಕಿರಿಯರಿಗೆ ಎಲ್ಲ ತೊಡಕುಗಳಿಗೂ ಪರಿಹಾರವಾಗಿ ಕಾಣುತ್ತದೆ. ಇತಿಹಾಸವನ್ನು ತೆರೆದು ನೋಡಿದರೆ ಎರಡು ಅಭಿಪ್ರಾಯಗಳೂ ಅರ್ಧಸತ್ಯಗಳೆಂಬುದು ತಿಳಿಯುತ್ತದೆ.

ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಆದಿಪುರಾಣದಲ್ಲಿ ಮೊದಲ ಪಾಠದ ಪ್ರಸಂಗ ಬರುತ್ತದೆ. ಭಗವಾನ್ ಋಷಭದೇವರು ಮಕ್ಕಳಿಗೆ ವಿದ್ಯೆ ಕಲಿಸುವುದು ಯಾವುದೋ ಗುರುಕುಲದಲ್ಲಿ ಅಲ್ಲ, ಸ್ವಂತ ಮನೆಯಲ್ಲಿ. ಮೊದಲು ಕಲಿತವರು ಪುತ್ರರಲ್ಲ, ಪುತ್ರಿಯರು. ಬ್ರಾಹ್ಮಿಗೆ ಅಕ್ಷರ, ಸುಂದರಿಗೆ ಅಂಕಿ. ಉಪಕರಣವಾಗಿ ಒಂದು ಅಗಲವಾದ ಫಲಕ. ಮಂಗಲವಾಗಿ ‘ಸಿದ್ಧಂ ನಮಃ’ ಎಂಬ ಎರಡು ಪದಗಳು. ಆ ಬಳಿಕ ಪುತ್ರರ ಸರದಿ. ಭರತನಿಗೆ ಅರ್ಥಶಾಸ್ತ್ರ, ವೃಷಭಸೇನನಿಗೆ ಗಾಂಧರ್ವ, ಅನಂತವಿಜಯನಿಗೆ ಚಿತ್ರಕಲೆ, ಬಾಹುಬಲಿಗೆ ಆಯುರ್ವೇದ, ಧನುರ್ವೇದ ಮತ್ತು ರತ್ನಪರೀಕ್ಷೆ ಮೊದಲಾದ ವಿದ್ಯೆಗಳು. ಒಬ್ಬನಿಗೆ ಕೊಟ್ಟ ಪಾಠವನ್ನೇ ಇನ್ನೊಬ್ಬನ ಮೇಲೆ ಹೇರಲಿಲ್ಲ ಎಂಬುದನ್ನು ಗಮನಿಸಬೇಕು. ಈ ಕಥೆಯನ್ನು ಕ್ರಿ.ಶ. 941ರಲ್ಲಿ ಪಂಪನು ಕನ್ನಡದ ಮನೆಮಾತಾಗಿಸಿದನು.

ಜಿನಸೇನರು ಗೃಹಸ್ಥರ ಸಂಸ್ಕಾರಗಳನ್ನು ನಿರೂಪಿಸುವಾಗ ‘ಲಿಪಿಸಂಖ್ಯಾನ’ವೆಂಬ ಕ್ರಿಯೆಯನ್ನೂ ಹೇಳುತ್ತಾರೆ. ಮಗುವಿಗೆ ಐದನೆಯ ವರ್ಷದಲ್ಲಿ ಅಕ್ಷರ ಮತ್ತು ಸಂಖ್ಯೆಗಳ ಪರಿಚಯ. ಪೂಜೆ ಅವರವರ ಶಕ್ತಿಗೆ ತಕ್ಕಷ್ಟು. ಉಪಾಧ್ಯಾಯನು ವಿದ್ಯಾವಂತನಾದ, ವ್ರತಗಳನ್ನು ಪಾಲಿಸುವ ಗೃಹಸ್ಥನಾಗಿರಬೇಕು. ಈ ವಿಧಿಯಲ್ಲಿ ಎರಡು ಮಾತು ಅಡಗಿವೆ. ಮನೆಯಲ್ಲಿ ಕಲಿಸುವವನಿಗೆ ಮೊದಲು ವಿದ್ಯೆ ಇರಬೇಕು. ಜೊತೆಗೆ ನಡತೆಯೂ ಇರಬೇಕು. ಮಗುವಿನ ಮೇಲಿನ ಮಮತೆಯೊಂದೇ ಕಲಿಸುವ ಯೋಗ್ಯತೆಯಾಗಲಾರದು.

ಕಲಿಕೆಯ ಸಾಮಗ್ರಿಯ ವಿಚಾರದಲ್ಲಿಯೂ ಕರ್ನಾಟಕದ ಜೈನರ ಕೊಡುಗೆ ಹಿರಿದು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಹಣ್ಣು, ಹೂವು, ಬಡ್ಡಿ, ವ್ಯಾಪಾರಗಳ ಉದಾಹರಣೆಗಳಿಂದ ತುಂಬಿದರು. ಹೊಯ್ಸಳರ ಕಾಲದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಲೆಕ್ಕವನ್ನು ಕಲಿಯಲು ಸಂಸ್ಕೃತದ ಬಾಗಿಲಲ್ಲಿ ಕಾಯಬೇಕಾಗಿಲ್ಲವೆಂಬ ಸಂದೇಶ ಅದರಲ್ಲಿತ್ತು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಮುದ್ರಣ ಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಯನ್ನೂ ಲಿಪಿಕಾರನು ಗರಿಯ ಮೇಲೆ ಕೊರೆಯಬೇಕಾಗಿತ್ತು. ಆಹಾರ, ಔಷಧ, ಅಭಯಗಳೊಡನೆ ಶಾಸ್ತ್ರವನ್ನೂ ದಾನವೆಂದು ಎಣಿಸಿದ ಪರಂಪರೆಯ ಫಲವಿದು.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ದಾಖಲೆಗಳೇ ಮಾತನಾಡುತ್ತವೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತ್ಯದ ಶಾಲೆಗಳ ವಿವರ ಕೇಳಿದಾಗ, ಮೂಡುಬಿದಿರೆ, ಕಾರ್ಕಳಗಳನ್ನು ಒಳಗೊಂಡ ಕೆನರಾದ ಕಲೆಕ್ಟರು ಅದೇ ವರ್ಷದ ಆಗಸ್ಟಿನಲ್ಲಿ ಕಳುಹಿಸಿದ ಉತ್ತರ ಕುತೂಹಲಕರವಾಗಿದೆ. ಆ ಜಿಲ್ಲೆಯಲ್ಲಿ ಶಿಕ್ಷಣವು ಬಹುಮಟ್ಟಿಗೆ ಖಾಸಗಿಯಾಗಿ ನಡೆಯುತ್ತಿರುವುದರಿಂದ ಶಾಲೆಗಳ ಎಣಿಕೆ ಜನರ ವಿದ್ಯೆಯ ಅಳತೆಯಾಗದೆ ತಪ್ಪು ಕಲ್ಪನೆಗೆ ದಾರಿ ಮಾಡೀತು ಎಂಬುದು ಅವರ ಅಭಿಪ್ರಾಯ. 1826ರ ಮಾರ್ಚಿನಲ್ಲಿ ಮನ್ರೋ ಬರೆದ ಟಿಪ್ಪಣಿಯೂ ಇದನ್ನು ಸಮರ್ಥಿಸುತ್ತದೆ: ಮದರಾಸು ಪಟ್ಟಣದಲ್ಲಿ ಮನೆಯಲ್ಲಿ ಕಲಿಯುವವರು ಶಾಲೆಗಳಲ್ಲಿ ಕಲಿಯುವವರಿಗಿಂತ ಐದು ಪಟ್ಟಿಗೂ ಮಿಗಿಲು. ಹಾಗಾದರೆ ಗೃಹಶಿಕ್ಷಣವು ಹೊರದೇಶದಿಂದ ಬಂದ ಹೊಸ ಪದ್ಧತಿಯಲ್ಲ.

ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿ ಇನ್ನೂ ವಿಸ್ತಾರವಾದುದು. ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಐದು ವರ್ಷದ ಮಗು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಮುಂದುವರಿದ ವಿದ್ಯಾರ್ಥಿ ಹಿಂದುಳಿದವನಿಗೆ ಹೇಳಿಕೊಡುತ್ತಿದ್ದ. ಈ ಕ್ರಮವನ್ನು ಇಂಗ್ಲೆಂಡು ಅನುಕರಿಸಿದ್ದು ಯುಕ್ತವೇ ಎಂದು ಕ್ಯಾಂಬೆಲ್ ಮೆಚ್ಚಿದ್ದಾರೆ. ಉಪಾಧ್ಯಾಯರು ಎಲ್ಲೆಲ್ಲಿಂದಲೋ ಸಂಗ್ರಹಿಸಿದ ಕಾಗದ ಪತ್ರಗಳನ್ನು ಮಕ್ಕಳಿಂದ ಓದಿಸಿ ಬಗೆಬಗೆಯ ಕೈಬರಹಗಳನ್ನು ಪರಿಚಯಿಸುತ್ತಿದ್ದರು. ಪತ್ರ ಮತ್ತು ಕರಾರುಗಳನ್ನು ಬರೆಯಿಸುತ್ತಿದ್ದರು. ಬದುಕಿನಿಂದಲೇ ಎತ್ತಿಕೊಂಡ ಪಾಠೋಪಕರಣಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆದರೆ ಖಾತೆಯಲ್ಲಿ ಜಮೆಯನ್ನು ಮಾತ್ರ ಓದಿ ಖರ್ಚಿನ ಪುಟವನ್ನು ಮುಚ್ಚಿಡುವುದು ಸತ್ಯವ್ರತಕ್ಕೆ ಸಲ್ಲದು. ಮಕ್ಕಳು ಹಳೆಯ ಭಾಷೆಯ ಪದ್ಯಗಳನ್ನು ಅರ್ಥವರಿಯದೆ ಉರುಹೊಡೆಯುತ್ತಿದ್ದರೆಂದು ಅದೇ ವರದಿ ಹೇಳುತ್ತದೆ. ಒಂಬತ್ತು ಲಕ್ಷಕ್ಕೂ ಮಿಕ್ಕ ಜನಸಂಖ್ಯೆಯ ಆ ಜಿಲ್ಲೆಯಲ್ಲಿ ಶಾಲೆಗಳಲ್ಲಿದ್ದವರು 6,641 ಮಕ್ಕಳು. ಅವರಲ್ಲಿ ಲೆಕ್ಕಕ್ಕೆ ಸಿಕ್ಕ ಹೆಣ್ಣುಮಕ್ಕಳು ಕೇವಲ 60. ಮೊದಲ ಅಕ್ಷರವನ್ನು ಬ್ರಾಹ್ಮಿಯ ಹೆಸರಿನಲ್ಲಿ, ಮೊದಲ ಅಂಕಿಯನ್ನು ಸುಂದರಿಯ ಹೆಸರಿನಲ್ಲಿ ಸ್ಮರಿಸುವ ಸಮಾಜವಿದ್ದ ನಾಡಿನಲ್ಲಿ ಈ ಸಂಖ್ಯೆ ತಲೆ ತಗ್ಗಿಸುವಂಥದು. ಮನೆಯಲ್ಲಿ ಕಲಿತ ಹುಡುಗಿಯರು ಈ ಎಣಿಕೆಯ ಹೊರಗೆ ಉಳಿದಿರಬಹುದು ಎಂಬ ಸಮಾಧಾನ ಸಾಲದು. ಯಾರೂ ನೋಡದ, ಯಾರೂ ಎಣಿಸದ ಶಿಕ್ಷಣದಲ್ಲಿ ವಂಚಿತರಾದವರು ಯಾರೆಂಬುದೂ ಕಾಣದೆ ಹೋಗುತ್ತದೆ.

ಸಾರ್ವಜನಿಕ ಶಾಲೆ ಬೆಳೆದುದು ಈ ಕೊರತೆಯನ್ನು ತುಂಬುವುದಕ್ಕಾಗಿ. ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಸ್ಥಾಪಿತವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ಅವಕಾಶ ನೀಡುವ ಕಾಯಿದೆ ಬಂದಿತು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆ ತಾಯಿಯರ ಕರ್ತವ್ಯವೆಂದು ಹೇಳುತ್ತದೆ. ಮನೆಯಲ್ಲಿ ಕಲಿಸುವವರ ಬಗೆಗೆ ಅದರಲ್ಲಿ ಪ್ರತ್ಯೇಕ ವಿಧಿಯಿಲ್ಲ. ರಾಷ್ಟ್ರೀಯ ಮುಕ್ತ ಶಾಲೆಯ ಹತ್ತನೆಯ ತರಗತಿಯ ಪರೀಕ್ಷೆಗೆ ಹದಿನಾಲ್ಕು ತುಂಬಿರಬೇಕು. ಆದುದರಿಂದ ಆರು ವರ್ಷದೊಳಗಿನ ಮಗುವಿಗೆ ಮನೆಯಲ್ಲಿ ಕಲಿಸುವುದು ಬೇರೆ. ಆ ಬಳಿಕವೂ ಶಾಲೆಯಿಂದ ದೂರವಿಡುವುದು ಬೇರೆ. ಎರಡನೆಯ ದಾರಿ ಹಿಡಿಯುವವರು ಮಗುವಿನ ಮುಂದಿನ ಪರೀಕ್ಷೆ, ಪ್ರಮಾಣಪತ್ರಗಳ ವಿಚಾರವನ್ನು ಮೊದಲೇ ತೂಗಿ ನೋಡಬೇಕು. ಇಲ್ಲಿ ನಷ್ಟವಾದರೆ ಅದನ್ನು ಭರಿಸುವವನು ನಿರ್ಧಾರ ಮಾಡಿದ ತಂದೆಯಲ್ಲ, ಮಗು.

ಇನ್ನು ಸಾಮಗ್ರಿಯ ಆಯ್ಕೆ. ಇಂದು ಅಂಗಡಿಗಳಲ್ಲಿ ಬಣ್ಣಬಣ್ಣದ ಪುಸ್ತಕಗಳಿಗೂ ಆಟಿಕೆಗಳಿಗೂ ಮಿತಿಯಿಲ್ಲ. ಕೊಂಡು ತುಂಬಿಸುವುದನ್ನೇ ಕಲಿಸುವುದೆಂದು ಭ್ರಮಿಸಿದರೆ ಪರಿಗ್ರಹದ ಪಾಠವೇ ಮೊದಲ ಪಾಠವಾಗುತ್ತದೆ. ಅಕ್ಷರ ತಿದ್ದಲು ಒಂದು ತಟ್ಟೆ ಮರಳು, ಎಣಿಸಲು ಹುಣಸೆ ಬೀಜ, ತೂಗಲು ತಕ್ಕಡಿ ಇಂದಿಗೂ ಸಾಕು. ಓದಿನ ರುಚಿ ಹತ್ತಿದ ಮೇಲೆ ಪಂಜೆ ಮಂಗೇಶರಾಯರ ಶಿಶುಗೀತೆಗಳಿವೆ. ಮೂರು ಸಂಪುಟಗಳಲ್ಲಿ ಶಿವರಾಮ ಕಾರಂತರು ರಚಿಸಿದ ‘ಬಾಲಪ್ರಪಂಚ’ವಿದೆ. ಅದರಲ್ಲಿ ಕಾಲದೊಡನೆ ಹಳತಾದ ವಿಷಯಗಳನ್ನು ಹಿರಿಯರು ತಿದ್ದಿ ಹೇಳಬೇಕು. ಯಾವ ಪುಸ್ತಕವನ್ನೇ ಆಗಲಿ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುವುದು ಹಿತ: ಮಗುವಿಗೆ ಇದು ಅರ್ಥವಾಗುವುದೆ? ಇನ್ನೊಂದು ಜೀವವನ್ನೋ ಇನ್ನೊಂದು ಮತವನ್ನೋ ಹೀನೈಸದೆ ಇದು ಮಾತನಾಡುತ್ತದೆಯೆ? ಓದಿದ ಮೇಲೆ ಇನ್ನೊಂದು ಮಗುವಿನ ಕೈಗೆ ಇದು ಹೋಗುವುದೆ? ಎರಡನೆಯ ಪ್ರಶ್ನೆ ಧರ್ಮಗ್ರಂಥಗಳಿಗೂ ಅನ್ವಯಿಸುತ್ತದೆ. ಸ್ವಮತದ ಕಥೆಯನ್ನು ಮಾತ್ರ ಕೇಳಿ ಬೆಳೆದ ಮಗುವಿಗೆ ಅನೇಕಾಂತವು ಬಾಯಿಪಾಠದ ಶಬ್ದವಾಗಿ ಉಳಿಯುತ್ತದೆ. ಶಾಲೆಯ ಬೆಂಚಿನಲ್ಲಿ ನೆರೆಯವರ ಮಕ್ಕಳೊಡನೆ ದೊರೆಯುವ ಬಳಕೆಯನ್ನು ಮನೆಯಲ್ಲಿ ಕಲಿಸುವವರು ಬೇರೆ ರೀತಿಯಿಂದ ಒದಗಿಸಲೇಬೇಕು.

ಮೂರನೆಯ ಪ್ರಶ್ನೆ ಬಸದಿಗಳ ಆಡಳಿತ ಮಂಡಲಿಗಳಿಗೂ ಸೇರಿದುದು. ಮೂಡುಬಿದಿರೆಯಲ್ಲಿ ಸುರಕ್ಷಿತವಾಗಿದ್ದ ಧವಲಾ ತಾಳೆಗರಿಗಳು ಶತಮಾನಗಳ ಕಾಲ ಬಹುಜನರಿಗೆ ದರ್ಶನದ ವಸ್ತುವಾಗಿದ್ದವು. ಮೊದಲ ಸಂಪುಟ 1939ರಲ್ಲಿ ಅಚ್ಚಾದ ಮೇಲೆಯೇ ಅವು ಓದಿನ ವಸ್ತುವಾದವು. ಕಾಪಾಡಿದವರ ಪುಣ್ಯ ದೊಡ್ಡದು. ತೆರೆದುಕೊಟ್ಟವರ ಪುಣ್ಯವೂ ಅದಕ್ಕೆ ಕಡಿಮೆಯಲ್ಲ. ತುಮಕೂರಿನ ಸಮೀಪದ ಮಂದಾರಗಿರಿ, ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಶಾಂತಿನಾಥ ಬಸದಿ ಇವುಗಳೇ ಮಕ್ಕಳಿಗೆ ತೆರೆದ ಪುಸ್ತಕಗಳು. ಕಂಬದ ಸುತ್ತಳತೆ ಗಣಿತ, ಶಾಸನದ ಅಕ್ಷರ ಲಿಪಿಶಾಸ್ತ್ರ, ಬೆಟ್ಟದ ಗಿಡಮರ ಜೀವದಯೆಯ ಪಾಠ. ಅಭಿಷೇಕ, ಪ್ರತಿಷ್ಠೆಗಳಿಗೆ ವೆಚ್ಚ ಮಾಡುವ ಟ್ರಸ್ಟುಗಳು ಮಕ್ಕಳ ಪುಸ್ತಕಗಳ ಒಂದು ಕಪಾಟನ್ನು ಇರಿಸಿ, ಅದಕ್ಕೆ ಬೀಗ ಹಾಕದಿದ್ದರೆ ಅತ್ತಿಮಬ್ಬೆಯ ದಾನ ಮುಂದುವರಿದಂತಾಗುತ್ತದೆ. ಶಾಲೆಗೆ ಹೋಗುವ ಬಡ ಮಗುವಿಗೂ ಮನೆಯಲ್ಲಿ ಕಲಿಯುವ ಮಗುವಿಗೂ ಆ ಕಪಾಟು ಒಂದೇ ಆಗಿರಲಿ.

ಮನೆ ಮೊದಲ ಪಾಠಶಾಲೆ, ಕೊನೆಯದಲ್ಲ. ಮಗುವನ್ನು ಶಾಲೆಗೆ ಸೇರಿಸಿದವರು ಮನೆಯ ಪಾಠದಿಂದ ಬಿಡುಗಡೆ ಪಡೆದವರಲ್ಲ. ಮನೆಯಲ್ಲಿ ಕಲಿಸುವವರು ಸಮಾಜದ ಲೆಕ್ಕ ಪರಿಶೋಧನೆಯಿಂದ ಹೊರಗಾದವರೂ ಅಲ್ಲ. ‘ಸಿದ್ಧಂ ನಮಃ’ ಎಂದು ಮಗುವಿನ ಬೆರಳು ಹಿಡಿದು ತಿದ್ದಿಸುವಾಗ, ಆ ಮಂಗಲವನ್ನು ಮೊದಲು ಕೇಳಿದವರು ಇಬ್ಬರು ಹೆಣ್ಣುಮಕ್ಕಳೆಂಬುದನ್ನು ಪ್ರತಿಯೊಂದು ಶ್ರಾವಕ ಕುಟುಂಬವೂ ನೆನೆಯಬೇಕು.