ಕಚೇರಿ ತಂತ್ರಾಂಶ

ಕಚೇರಿ ತಂತ್ರಾಂಶ ಅಥವಾ ಆಫೀಸ್ ಸೂಟ್ ಎಂದರೆ ಪತ್ರವ್ಯವಹಾರ, ವರದಿಗಳ ಬರವಣಿಗೆ, ಲೆಕ್ಕಪತ್ರ, ಪ್ರಸ್ತುತಿ ಮುಂತಾದ ಕೆಲಸಗಳಿಗೆ ಬೇಕಾಗುವ ಹಲವು ತಂತ್ರಾಂಶಗಳನ್ನು ಒಟ್ಟುಗೂಡಿಸಿ ಒಂದೇ ಉತ್ಪನ್ನವಾಗಿ ಒದಗಿಸುವ ಗುಚ್ಛ. ಮೊದಲು ವ್ಯಾಪಾರ ಸಂಸ್ಥೆಗಳ ಬಳಕೆಗಾಗಿ ರೂಪುಗೊಂಡ ಈ ತಂತ್ರಾಂಶಗಳು 1990ರ ದಶಕದಿಂದ ಮನೆಗಳ ಗಣಕಯಂತ್ರಗಳಲ್ಲಿಯೂ ಸಾಮಾನ್ಯವಾದವು. ಮೈಕ್ರೋಸಾಫ್ಟ್ ಆಫೀಸ್, ಲಿಬ್ರೆಆಫೀಸ್, ಅಪಾಚೆ ಓಪನ್‌ಆಫೀಸ್, ಗೂಗಲ್ ಡಾಕ್ಸ್, ಡಬ್ಲ್ಯುಪಿಎಸ್ ಆಫೀಸ್ ಮತ್ತು ಆಪಲ್ ಕಂಪನಿಯ ಐವರ್ಕ್ ಇವು ಪ್ರಮುಖ ಉದಾಹರಣೆಗಳು. ಈ ಲೇಖನವು ಮುಖ್ಯವಾಗಿ ಗೃಹಬಳಕೆಯ ಗಣಕಗಳಿಗೆ ಇಂತಹ ತಂತ್ರಾಂಶಗಳ ಖರೀದಿ, ಅನುಸ್ಥಾಪನೆ ಮತ್ತು ಉನ್ನತೀಕರಣವನ್ನು ಕುರಿತದ್ದಾಗಿದೆ.

ಘಟಕಗಳು

ಸಾಮಾನ್ಯವಾಗಿ ಒಂದು ಕಚೇರಿ ತಂತ್ರಾಂಶದಲ್ಲಿ ಕೆಳಗಿನ ಘಟಕಗಳಿರುತ್ತವೆ.

• ಪದಸಂಸ್ಕಾರಕ: ಬರಹವನ್ನು ಬೆರಳಚ್ಚಿಸಿ, ತಿದ್ದಿ, ಮುದ್ರಣಕ್ಕೆ ಸಿದ್ಧಪಡಿಸುವ ತಂತ್ರಾಂಶ. ವರ್ಡ್ ಮತ್ತು ಲಿಬ್ರೆಆಫೀಸ್ ರೈಟರ್ ಈ ವರ್ಗಕ್ಕೆ ಸೇರುತ್ತವೆ.
• ಸ್ಪ್ರೆಡ್‌ಶೀಟ್: ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಅಂಕಿಅಂಶಗಳನ್ನು ತುಂಬಿ ಸೂತ್ರಗಳ ಮೂಲಕ ಲೆಕ್ಕ ಮಾಡುವ ತಂತ್ರಾಂಶ. ಎಕ್ಸೆಲ್ ಮತ್ತು ಕ್ಯಾಲ್ಕ್ ಇದಕ್ಕೆ ಉದಾಹರಣೆಗಳು.
• ಪ್ರಸ್ತುತಿ ತಂತ್ರಾಂಶ: ಪವರ್‌ಪಾಯಿಂಟ್, ಇಂಪ್ರೆಸ್ ಮುಂತಾದವು.
• ಇತರ ಘಟಕಗಳು: ದತ್ತಸಂಚಯ, ಇ-ಮೇಲ್, ಟಿಪ್ಪಣಿ ಹಾಗೂ ಚಿತ್ರರಚನೆಯ ತಂತ್ರಾಂಶಗಳು. ಗೃಹಬಳಕೆಯ ಆವೃತ್ತಿಗಳಲ್ಲಿ ಇವುಗಳಲ್ಲಿ ಕೆಲವನ್ನು ಕೈಬಿಟ್ಟಿರುವುದುಂಟು.

ಇತಿಹಾಸ

ಗುಚ್ಛದ ಕಲ್ಪನೆ ಮೂಡುವ ಮೊದಲು ಪ್ರತಿಯೊಂದು ಕೆಲಸಕ್ಕೂ ಪ್ರತ್ಯೇಕ ತಂತ್ರಾಂಶವನ್ನು ಕೊಳ್ಳಬೇಕಾಗಿತ್ತು. 1978ರಲ್ಲಿ ವರ್ಡ್‌ಸ್ಟಾರ್ ಎಂಬ ಪದಸಂಸ್ಕಾರಕ ಬಿಡುಗಡೆಯಾಯಿತು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್ 1979ರಲ್ಲಿ ಆಪಲ್ 2 ಗಣಕಕ್ಕಾಗಿ ಮಾರುಕಟ್ಟೆಗೆ ಬಂದಿತು. ಇದನ್ನು ವೈಯಕ್ತಿಕ ಗಣಕಗಳ ಮೊದಲ ಸ್ಪ್ರೆಡ್‌ಶೀಟ್ ಎಂದು ಪರಿಗಣಿಸಲಾಗುತ್ತದೆ. 1983ರಲ್ಲಿ ಬಂದ ಲೋಟಸ್ 1-2-3 ವಿಸಿಕ್ಯಾಲ್ಕನ್ನು ಹಿಂದಿಕ್ಕಿತು. ಅದೇ ವರ್ಷ ಮೈಕ್ರೋಸಾಫ್ಟ್ ಕಂಪನಿಯು ವರ್ಡ್ ಅನ್ನು ಹೊರತಂದಿತು. ಎಕ್ಸೆಲ್ 1985ರಲ್ಲಿ ಮೊದಲು ಮ್ಯಾಕಿಂಟಾಷ್ ಗಣಕಕ್ಕೂ 1987ರಲ್ಲಿ ವಿಂಡೋಸ್‌ಗೂ ಬಂದಿತು. ಪವರ್‌ಪಾಯಿಂಟನ್ನು ರೂಪಿಸಿದ ಫೋರ್‌ಥಾಟ್ ಕಂಪನಿಯನ್ನು ಮೈಕ್ರೋಸಾಫ್ಟ್ 1987ರಲ್ಲಿ ಕೊಂಡುಕೊಂಡಿತು. ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದ ಮೈಕ್ರೋಸಾಫ್ಟ್ ಆಫೀಸ್ 1989ರಲ್ಲಿ ಮ್ಯಾಕಿಂಟಾಷ್‌ಗೆ, 1990ರಲ್ಲಿ ವಿಂಡೋಸ್‌ಗೆ ಬಿಡುಗಡೆಯಾಯಿತು.

ಮನೆಗಳಿಗಾಗಿಯೇ ಮೈಕ್ರೋಸಾಫ್ಟ್ ವರ್ಕ್ಸ್ ಎಂಬ ಕಡಿಮೆ ಬೆಲೆಯ ತಂತ್ರಾಂಶವೂ ಇತ್ತು. ಅನೇಕ ಹೊಸ ಗಣಕಗಳಲ್ಲಿ ಇದನ್ನು ಮೊದಲೇ ಅಳವಡಿಸಿ ಕೊಡಲಾಗುತ್ತಿತ್ತು. ಇದರ ಸ್ಥಾನದಲ್ಲಿ ಆಫೀಸ್ ಸ್ಟಾರ್ಟರ್ 2010 ಬಂದಿತು. ಅದರಲ್ಲಿ ವರ್ಡ್ ಮತ್ತು ಎಕ್ಸೆಲ್‌ಗಳ ಸಂಕ್ಷಿಪ್ತ ರೂಪಗಳು ಮಾತ್ರ ಇದ್ದು, ಪರದೆಯ ಒಂದು ಬದಿಯಲ್ಲಿ ಜಾಹೀರಾತು ಕಾಣಿಸಿಕೊಳ್ಳುತ್ತಿತ್ತು.

ಮುಕ್ತ ತಂತ್ರಾಂಶದ ಧಾರೆ ಜರ್ಮನಿಯ ಸ್ಟಾರ್ ಡಿವಿಷನ್ ಕಂಪನಿಯ ಸ್ಟಾರ್‌ಆಫೀಸ್‌ನಿಂದ ಆರಂಭವಾಯಿತು. 1999ರಲ್ಲಿ ಆ ಕಂಪನಿಯನ್ನು ಕೊಂಡ ಸನ್ ಮೈಕ್ರೋಸಿಸ್ಟಮ್ಸ್ 2000ದಲ್ಲಿ ತಂತ್ರಾಂಶದ ಮೂಲ ಸಂಕೇತವನ್ನು ಸಾರ್ವಜನಿಕಗೊಳಿಸಿತು. ಹೀಗೆ ಹುಟ್ಟಿದ ಓಪನ್‌ಆಫೀಸ್‌ನ ಮೊದಲ ಆವೃತ್ತಿ 2002ರಲ್ಲಿ ಹೊರಬಂದಿತು. 2010ರಲ್ಲಿ ಸನ್ ಕಂಪನಿಯು ಒರಾಕಲ್‌ನ ವಶವಾದ ಬಳಿಕ, ಅಭಿವೃದ್ಧಿಕಾರರ ಒಂದು ಗುಂಪು ಅದೇ ವರ್ಷ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡು ಲಿಬ್ರೆಆಫೀಸ್ ಎಂಬ ಕವಲನ್ನು ಆರಂಭಿಸಿತು. ಒರಾಕಲ್ 2011ರಲ್ಲಿ ಓಪನ್‌ಆಫೀಸನ್ನು ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿತು.

ಖರೀದಿ ಮತ್ತು ಪರವಾನಗಿ

ಕಚೇರಿ ತಂತ್ರಾಂಶವನ್ನು ಕೊಳ್ಳುವವರು ವಾಸ್ತವವಾಗಿ ಕೊಳ್ಳುವುದು ಅದನ್ನು ಬಳಸುವ ಪರವಾನಗಿಯನ್ನು. ತಂತ್ರಾಂಶದ ಹಕ್ಕುಸ್ವಾಮ್ಯವು ತಯಾರಕರ ಬಳಿಯೇ ಉಳಿಯುತ್ತದೆ. ಎಷ್ಟು ಗಣಕಗಳಲ್ಲಿ, ಯಾರು, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಬಳಸಬಹುದು ಎಂಬುದನ್ನು ಪರವಾನಗಿಯ ಷರತ್ತುಗಳು ನಿರ್ಧರಿಸುತ್ತವೆ. ಮನೆಬಳಕೆದಾರರಿಗೆ ದೊರೆಯುವ ಪರವಾನಗಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಏಕಕಾಲಿಕ ಖರೀದಿ: ಒಮ್ಮೆ ಹಣ ತೆತ್ತು ಒಂದು ಆವೃತ್ತಿಯನ್ನು ಕಾಲಮಿತಿಯಿಲ್ಲದೆ ಬಳಸುವ ಪದ್ಧತಿ. ಮುಂದಿನ ಆವೃತ್ತಿ ಬೇಕಾದರೆ ಮತ್ತೆ ಕೊಳ್ಳಬೇಕು. ಆಫೀಸ್ ಹೋಮ್ ಅಂಡ್ ಸ್ಟೂಡೆಂಟ್‌ನ 2007 ಮತ್ತು 2010ರ ಆವೃತ್ತಿಗಳ ಪೆಟ್ಟಿಗೆಯನ್ನು ಒಂದೇ ಮನೆಯ ಮೂರು ಗಣಕಗಳಲ್ಲಿ ಅಳವಡಿಸಲು ಅವಕಾಶವಿತ್ತು. 2013ರ ಆವೃತ್ತಿಯಿಂದ ಇದು ಒಂದೇ ಗಣಕಕ್ಕೆ ಸೀಮಿತವಾಯಿತು. ಆರಂಭದಲ್ಲಿ ಆ ಪರವಾನಗಿಯನ್ನು ಬೇರೆ ಗಣಕಕ್ಕೆ ವರ್ಗಾಯಿಸಲೂ ಸಾಧ್ಯವಿರಲಿಲ್ಲ. ಬಳಕೆದಾರರ ಆಕ್ಷೇಪಣೆಯ ನಂತರ 2013ರ ಮಾರ್ಚ್‌ನಲ್ಲಿ ಕಂಪನಿಯು ಈ ಷರತ್ತನ್ನು ಸಡಿಲಿಸಿ, 90 ದಿನಗಳಿಗೊಮ್ಮೆ ವರ್ಗಾವಣೆಗೆ ಅನುಮತಿ ನೀಡಿತು. ಹೋಮ್ ಅಂಡ್ ಸ್ಟೂಡೆಂಟ್ ಆವೃತ್ತಿಗಳನ್ನು ವಾಣಿಜ್ಯ ಉದ್ದೇಶಕ್ಕೆ ಬಳಸುವಂತಿರಲಿಲ್ಲ.

ಚಂದಾದಾರಿಕೆ: ತಿಂಗಳಿಗೆ ಅಥವಾ ವರ್ಷಕ್ಕೆ ಇಂತಿಷ್ಟೆಂದು ಹಣ ಪಾವತಿಸುವ ಪದ್ಧತಿ. ಆಫೀಸ್ 365 ಎಂಬ ಹೆಸರಿನಲ್ಲಿ 2011ರಲ್ಲಿ ಸಂಸ್ಥೆಗಳಿಗೂ 2013ರಲ್ಲಿ ಮನೆಗಳಿಗೂ ಇದು ಬಂದಿತು. 2020ರಲ್ಲಿ ಗೃಹಬಳಕೆಯ ಯೋಜನೆಗಳಿಗೆ ಮೈಕ್ರೋಸಾಫ್ಟ್ 365 ಎಂದು ಮರುನಾಮಕರಣ ಮಾಡಲಾಯಿತು. ಇದರ ಪರ್ಸನಲ್ ಯೋಜನೆಯು ಒಬ್ಬ ವ್ಯಕ್ತಿಗೆ, ಫ್ಯಾಮಿಲಿ ಯೋಜನೆಯು ಆರು ಮಂದಿಯವರೆಗೆ ಅನ್ವಯಿಸುತ್ತದೆ. ಹೊಸ ಆವೃತ್ತಿಗಳು ಹೆಚ್ಚುವರಿ ಹಣವಿಲ್ಲದೆ ದೊರೆಯುವುದು ಇದರ ಅನುಕೂಲ. ಚಂದಾ ನವೀಕರಿಸದಿದ್ದರೆ ಕಡತಗಳನ್ನು ತೆರೆದು ನೋಡಲು ಹಾಗೂ ಮುದ್ರಿಸಲು ಸಾಧ್ಯವಾದರೂ ತಿದ್ದಲು ಸಾಧ್ಯವಾಗುವುದಿಲ್ಲ.

ಗಣಕದೊಂದಿಗೆ ಬರುವ ಪರವಾನಗಿ: ಹೊಸ ಗಣಕ ಅಥವಾ ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಅಳವಡಿಸಿದ ತಂತ್ರಾಂಶ. ಪೂರ್ಣ ಪರವಾನಗಿ ಇದ್ದರೂ ಸಾಮಾನ್ಯವಾಗಿ ಅದು ಆ ಯಂತ್ರಕ್ಕೆ ಮಾತ್ರ ಸೇರಿದ್ದು. ಕೆಲವೊಮ್ಮೆ ಮೊದಲೇ ಅಳವಡಿಸಿರುವುದು ಸೀಮಿತ ಅವಧಿಯ ಪ್ರಾಯೋಗಿಕ ಆವೃತ್ತಿ ಮಾತ್ರವಾಗಿರುತ್ತದೆ. ಅವಧಿ ಮುಗಿದ ಮೇಲೆ ಬರೆಯಲು ಅಡ್ಡಿಯಾದಾಗಲಷ್ಟೇ ಇದು ಕೊಂಡವರ ಗಮನಕ್ಕೆ ಬರುವುದುಂಟು. ಆದ್ದರಿಂದ ಬೆಲೆಪಟ್ಟಿಯಲ್ಲಿ ತಂತ್ರಾಂಶದ ಹೆಸರಿನೊಂದಿಗೆ ಪರವಾನಗಿಯ ಸ್ವರೂಪವನ್ನೂ ನಮೂದಿಸಲಾಗಿದೆಯೇ ಎಂಬುದು ಮುಖ್ಯ.

ಮುಕ್ತ ಹಾಗೂ ಉಚಿತ ತಂತ್ರಾಂಶ: ಲಿಬ್ರೆಆಫೀಸ್ ಮೊಜಿಲ್ಲಾ ಸಾರ್ವಜನಿಕ ಪರವಾನಗಿಯಡಿ ದೊರೆಯುತ್ತದೆ. ಇದನ್ನು ಎಷ್ಟು ಗಣಕಗಳಲ್ಲಾದರೂ ಅಳವಡಿಸಬಹುದು, ಇತರರಿಗೆ ಹಂಚಬಹುದು, ವಾಣಿಜ್ಯ ಕೆಲಸಕ್ಕೂ ಬಳಸಬಹುದು. ಗೂಗಲ್ ಡಾಕ್ಸ್‌ನಂತಹ ಅಂತರಜಾಲ ಸೇವೆಗಳು ಉಚಿತವಾಗಿದ್ದರೂ ಮುಕ್ತ ತಂತ್ರಾಂಶಗಳಲ್ಲ. ಇವುಗಳಲ್ಲಿ ಕಡತಗಳು ಸೇವಾದಾತರ ಸರ್ವರ್‌ಗಳಲ್ಲಿ ಉಳಿಯುತ್ತವೆ.

ಅನುಸ್ಥಾಪನೆ

ಮೊದಮೊದಲು ಕಚೇರಿ ತಂತ್ರಾಂಶಗಳು ಫ್ಲಾಪಿ ತಟ್ಟೆಗಳಲ್ಲಿ ಬರುತ್ತಿದ್ದವು. ಅವುಗಳನ್ನು ಒಂದಾದ ಮೇಲೊಂದರಂತೆ ಗಣಕಕ್ಕೆ ಹಾಕಬೇಕಾಗಿದ್ದು, ನಡುವೆ ಒಂದು ತಟ್ಟೆ ಕೆಟ್ಟಿದ್ದರೆ ಇಡೀ ಕೆಲಸ ನಿಲ್ಲುತ್ತಿತ್ತು. 1990ರ ದಶಕದಲ್ಲಿ ಸಿಡಿಗಳು ಈ ತೊಡಕನ್ನು ನಿವಾರಿಸಿದವು. ಈಗ ಬಹುಪಾಲು ತಂತ್ರಾಂಶಗಳನ್ನು ಅಂತರಜಾಲದಿಂದಲೇ ಇಳಿಸಿಕೊಳ್ಳಲಾಗುತ್ತದೆ.

ಅನುಸ್ಥಾಪನೆಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು ಹೀಗಿವೆ.

• ಕಾರ್ಯಾಚರಣ ವ್ಯವಸ್ಥೆ: ಹೊಸ ಆವೃತ್ತಿಗಳು ಹಳೆಯ ವಿಂಡೋಸ್‌ನಲ್ಲಿ ಕೆಲಸ ಮಾಡದಿರಬಹುದು. ಉದಾಹರಣೆಗೆ, ಆಫೀಸ್ 2019ಕ್ಕೆ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು. ತಂತ್ರಾಂಶಕ್ಕಾಗಿ ವಿಂಡೋಸನ್ನು, ವಿಂಡೋಸ್‌ಗಾಗಿ ಗಣಕವನ್ನೇ ಬದಲಿಸಬೇಕಾದ ಸಂದರ್ಭಗಳೂ ಇವೆ.
• 32 ಬಿಟ್ ಅಥವಾ 64 ಬಿಟ್: ಆಫೀಸ್ 2010ರಿಂದ ಎರಡೂ ರೂಪಗಳು ಲಭ್ಯವಾದವು. 32 ಬಿಟ್‌ಗಾಗಿ ಬರೆದ ಕೆಲವು ಪೂರಕ ತಂತ್ರಾಂಶಗಳು 64 ಬಿಟ್ ಆವೃತ್ತಿಯಲ್ಲಿ ಕೆಲಸ ಮಾಡುವುದಿಲ್ಲ.
• ಹಳೆಯ ಆವೃತ್ತಿ: ಹಳೆಯ ಆವೃತ್ತಿಯನ್ನು ತೆಗೆದುಹಾಕುವ ಮುನ್ನ ಸ್ವಂತ ಕಡತಗಳು, ಮಾದರಿ ಪತ್ರಗಳು, ಇ-ಮೇಲ್ ಸಂಗ್ರಹ ಹಾಗೂ ಹೆಚ್ಚುವರಿ ಅಕ್ಷರವಿನ್ಯಾಸಗಳ ಪ್ರತಿಯನ್ನು ಪೆನ್‌ಡ್ರೈವ್ ಅಥವಾ ಬಾಹ್ಯ ಹಾರ್ಡ್‌ಡಿಸ್ಕ್‌ನಲ್ಲಿ ತೆಗೆದಿಡುವುದು ಅಗತ್ಯ.

ವಾಣಿಜ್ಯ ತಂತ್ರಾಂಶಗಳಲ್ಲಿ ಅನುಸ್ಥಾಪನೆಯ ನಂತರ ಸಕ್ರಿಯಗೊಳಿಸುವ ಹಂತವಿರುತ್ತದೆ. 2001ರ ಆಫೀಸ್ ಎಕ್ಸ್‌ಪಿಯೊಂದಿಗೆ ಇದು ವ್ಯಾಪಕವಾಯಿತು. 25 ಅಕ್ಷರಗಳ ಉತ್ಪನ್ನ ಕೀಲಿಯನ್ನು ನಮೂದಿಸಿದಾಗ, ಅದು ಅನುಮತಿಸಿದ್ದಕ್ಕಿಂತ ಹೆಚ್ಚು ಗಣಕಗಳಲ್ಲಿ ಬಳಕೆಯಾಗಿದೆಯೇ ಎಂದು ಕಂಪನಿಯ ಸರ್ವರ್ ಪರೀಕ್ಷಿಸುತ್ತದೆ. ಇತ್ತೀಚಿನ ಆವೃತ್ತಿಗಳಲ್ಲಿ ಕೀಲಿಯು ಬಳಕೆದಾರರ ಮೈಕ್ರೋಸಾಫ್ಟ್ ಖಾತೆಗೆ ಜೋಡಣೆಯಾಗುತ್ತದೆ. ಅಂಗಡಿಯವರು ತಮ್ಮದೇ ಖಾತೆಯಲ್ಲಿ ಸಕ್ರಿಯಗೊಳಿಸಿ ಕೊಟ್ಟರೆ, ಗಣಕ ಕೆಟ್ಟು ಮರು ಅನುಸ್ಥಾಪನೆ ಮಾಡಬೇಕಾದಾಗ ಕೊಂಡವರಿಗೆ ತಮ್ಮ ಪರವಾನಗಿಯೇ ಕೈಗೆ ಸಿಗದೆ ಹೋಗಬಹುದು.

ಉನ್ನತೀಕರಣ

ನವೀಕರಣ ಮತ್ತು ಉನ್ನತೀಕರಣ ಇವೆರಡೂ ಬೇರೆ ಬೇರೆ. ಒಂದೇ ಆವೃತ್ತಿಯೊಳಗಿನ ದೋಷಗಳನ್ನು ಸರಿಪಡಿಸಿ ಭದ್ರತೆಯನ್ನು ಹೆಚ್ಚಿಸುವುದು ನವೀಕರಣ, ಅಂದರೆ ಅಪ್‌ಡೇಟ್. ಇದಕ್ಕೆ ಹಣ ತೆರಬೇಕಿಲ್ಲ. ಒಂದು ಆವೃತ್ತಿಯಿಂದ ಮುಂದಿನ ಆವೃತ್ತಿಗೆ ಹೋಗುವುದು ಉನ್ನತೀಕರಣ, ಅಂದರೆ ಅಪ್‌ಗ್ರೇಡ್. ಹಿಂದೆ ಹಳೆಯ ಆವೃತ್ತಿಯನ್ನು ಹೊಂದಿದ್ದವರಿಗೆ ಕಡಿಮೆ ಬೆಲೆಯ ಉನ್ನತೀಕರಣ ಪೆಟ್ಟಿಗೆಗಳನ್ನು ಮಾರಲಾಗುತ್ತಿತ್ತು. ಆಫೀಸ್ 2010ರಿಂದ ಮೈಕ್ರೋಸಾಫ್ಟ್ ಈ ರಿಯಾಯಿತಿಯನ್ನು ನಿಲ್ಲಿಸಿತು.

ಪ್ರತಿಯೊಂದು ಆವೃತ್ತಿಗೂ ಬೆಂಬಲದ ಅವಧಿ ಇರುತ್ತದೆ. ಅದು ಮುಗಿದ ನಂತರವೂ ತಂತ್ರಾಂಶ ಕೆಲಸ ಮಾಡುತ್ತದೆ, ಆದರೆ ಹೊಸದಾಗಿ ಪತ್ತೆಯಾದ ಭದ್ರತಾ ದೋಷಗಳಿಗೆ ಪರಿಹಾರ ದೊರೆಯುವುದಿಲ್ಲ. ಇ-ಮೇಲ್ ಮೂಲಕ ಬರುವ ಅಪರಿಚಿತ ಕಡತಗಳನ್ನು ಇಂತಹ ತಂತ್ರಾಂಶದಲ್ಲಿ ತೆರೆಯುವುದು ಅಪಾಯಕಾರಿ. ಮೈಕ್ರೋಸಾಫ್ಟ್ ಆಫೀಸ್‌ನ ಕೆಲವು ಆವೃತ್ತಿಗಳ ಬೆಂಬಲ ಕೊನೆಗೊಂಡ ದಿನಾಂಕಗಳು:

• ಆಫೀಸ್ 2003: 8 ಏಪ್ರಿಲ್ 2014
• ಆಫೀಸ್ 2007: 10 ಅಕ್ಟೋಬರ್ 2017
• ಆಫೀಸ್ 2010: 13 ಅಕ್ಟೋಬರ್ 2020
• ಆಫೀಸ್ 2013: 11 ಏಪ್ರಿಲ್ 2023
• ಆಫೀಸ್ 2016 ಮತ್ತು 2019: 14 ಅಕ್ಟೋಬರ್ 2025

ಹೊಸ ಆವೃತ್ತಿಯು ಎಲ್ಲರಿಗೂ ಅನಿವಾರ್ಯವಲ್ಲ. ಆಫೀಸ್ 2007ರಲ್ಲಿ ಹಳೆಯ ಮೆನುಗಳ ಸ್ಥಾನದಲ್ಲಿ ರಿಬ್ಬನ್ ಎಂಬ ಪಟ್ಟಿ ಬಂದಾಗ, ವರ್ಷಗಳಿಂದ ಅಭ್ಯಾಸವಾಗಿದ್ದ ಆಜ್ಞೆಗಳನ್ನು ಬಳಕೆದಾರರು ಮತ್ತೆ ಹುಡುಕಿಕೊಳ್ಳಬೇಕಾಯಿತು. ಪತ್ರ ಬರೆದು ಮನೆಯ ಲೆಕ್ಕ ಇಡುವವರಿಗೆ ಹೊಸ ಸೌಲಭ್ಯಗಳಿಗಿಂತ ಭದ್ರತೆ ಮತ್ತು ಕಡತಗಳ ಹೊಂದಾಣಿಕೆಯೇ ಉನ್ನತೀಕರಣದ ಮುಖ್ಯ ಕಾರಣಗಳಾಗಿರುತ್ತವೆ.

ಕಡತ ಮಾದರಿಗಳು

ತಂತ್ರಾಂಶ ಬದಲಾದರೂ ಕಡತಗಳು ಉಳಿಯಬೇಕಾಗುತ್ತದೆ. ಆಫೀಸ್ 2003ರವರೆಗೆ ವರ್ಡ್ ಕಡತಗಳು ಡಾಕ್ ಎಂಬ ಮಾದರಿಯಲ್ಲಿ ಉಳಿಯುತ್ತಿದ್ದವು. 2007ರಲ್ಲಿ ಡಾಕ್ಸ್ ಮಾದರಿ ರೂಢಿಗೆ ಬಂದಿತು. ಹಳೆಯ ಆಫೀಸ್ ಹೊಂದಿದ್ದವರು ಹೊಸ ಕಡತಗಳನ್ನು ತೆರೆಯಲು ಹೊಂದಾಣಿಕೆಯ ಪೂರಕ ಪೊಟ್ಟಣವನ್ನು ಅಳವಡಿಸಿಕೊಳ್ಳಬೇಕಾಗಿತ್ತು. ಎಕ್ಸೆಲ್‌ನಲ್ಲಿಯೂ ಇದೇ ಬದಲಾವಣೆಯಾಯಿತು. ಹಳೆಯ ಹಾಳೆಯಲ್ಲಿ 65,536 ಅಡ್ಡಸಾಲುಗಳಿದ್ದರೆ ಹೊಸದರಲ್ಲಿ 10,48,576 ಅಡ್ಡಸಾಲುಗಳಿವೆ. ದೊಡ್ಡ ಹಾಳೆಯನ್ನು ಹಳೆಯ ಮಾದರಿಯಲ್ಲಿ ಉಳಿಸಿದರೆ ಮಿತಿಯನ್ನು ಮೀರಿದ ಸಾಲುಗಳು ನಷ್ಟವಾಗುತ್ತವೆ.

ಯಾವುದೇ ಒಂದು ಕಂಪನಿಗೆ ಸೇರದ ಓಪನ್ ಡಾಕ್ಯುಮೆಂಟ್ ಮಾದರಿಯು 2006ರಲ್ಲಿ ಐಎಸ್ಒ/ಐಇಸಿ 26300 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಲಿಬ್ರೆಆಫೀಸ್ ಇದನ್ನೇ ಮೂಲ ಮಾದರಿಯಾಗಿ ಬಳಸುತ್ತದೆ. ಮೈಕ್ರೋಸಾಫ್ಟ್‌ನ ಹೊಸ ಮಾದರಿಯು 2008ರಲ್ಲಿ ಐಎಸ್ಒ/ಐಇಸಿ 29500 ಎಂದು ಮಾನ್ಯತೆ ಪಡೆಯಿತು. ಮೈಕ್ರೋಸಾಫ್ಟ್ ವರ್ಕ್ಸ್, ವರ್ಡ್‌ಪರ್ಫೆಕ್ಟ್ ಮುಂತಾದ ಹಳೆಯ ತಂತ್ರಾಂಶಗಳ ಅನೇಕ ಕಡತಗಳನ್ನು ಲಿಬ್ರೆಆಫೀಸ್‌ನಲ್ಲಿ ತೆರೆಯಬಹುದು. ತಿದ್ದುವ ಅಗತ್ಯವಿಲ್ಲದ ದಾಖಲೆಗಳನ್ನು ಪಿಡಿಎಫ್ ರೂಪದಲ್ಲಿಯೂ ಉಳಿಸಿಡುವುದು ವಾಡಿಕೆ.

ಕನ್ನಡದಲ್ಲಿ ಬಳಕೆ

ಕನ್ನಡ ಬಳಕೆದಾರರಿಗೆ ಉನ್ನತೀಕರಣದ ಪ್ರಶ್ನೆಯು ಲಿಪಿಯ ಪ್ರಶ್ನೆಯೂ ಆಗಿದೆ. ಯೂನಿಕೋಡ್ ಪ್ರಚಲಿತವಾಗುವ ಮೊದಲು ಶ್ರೀಲಿಪಿ, 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಮುಂತಾದ ತಂತ್ರಾಂಶಗಳ ನೆರವಿನಿಂದ ವರ್ಡ್‌ನಲ್ಲಿ ಕನ್ನಡವನ್ನು ಬೆರಳಚ್ಚಿಸಲಾಗುತ್ತಿತ್ತು. ಇವುಗಳ ಹಳೆಯ ಅಕ್ಷರವಿನ್ಯಾಸಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಭಾಗಗಳ ಚಿತ್ರಗಳನ್ನು ಇರಿಸಿದ್ದವು. ಹೀಗಾಗಿ ಗಣಕದ ಮಟ್ಟಿಗೆ ಆ ಬರಹ ಕನ್ನಡವಾಗಿರಲಿಲ್ಲ. ಅಂತಹ ಕಡತವನ್ನು ಅದೇ ಅಕ್ಷರವಿನ್ಯಾಸವಿಲ್ಲದ ಹೊಸ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು ಕಾಣಿಸುತ್ತವೆ. ಕಡತ ಕೆಟ್ಟಿದೆಯೆಂದು ಭಾವಿಸಿ ಇಂತಹವನ್ನು ಅಳಿಸಿಹಾಕುವ ಸಂಭವವಿರುತ್ತದೆ. ವಾಸ್ತವವಾಗಿ ಸೂಕ್ತ ಅಕ್ಷರವಿನ್ಯಾಸವನ್ನು ಅಳವಡಿಸಿದರೆ ಬರಹ ಮತ್ತೆ ಓದಲು ಸಿಗುತ್ತದೆ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸಂಕೇತಸ್ಥಾನಗಳ ಪ್ರತ್ಯೇಕ ವಿಭಾಗವಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅಕ್ಷರವಿನ್ಯಾಸದೊಂದಿಗೆ ಕನ್ನಡಕ್ಕೆ ಬೆಂಬಲ ಬಂದಿತು. ಆದರೆ ಸಂಕೀರ್ಣ ಲಿಪಿಗಳ ಸೌಲಭ್ಯವನ್ನು ಬಳಕೆದಾರರೇ ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬೇಕಾಗಿತ್ತು. ನಂತರದ ವಿಂಡೋಸ್ ಆವೃತ್ತಿಗಳಲ್ಲಿ ಇದು ಸಹಜವಾಗಿಯೇ ಇದೆ. ಯೂನಿಕೋಡ್‌ನಲ್ಲಿರುವ ಬರಹದಲ್ಲಿ ಪದಗಳನ್ನು ಹುಡುಕಬಹುದು, ಸ್ಪ್ರೆಡ್‌ಶೀಟ್‌ನಲ್ಲಿ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಬಹುದು ಮತ್ತು ಅದೇ ಕಡತವನ್ನು ಮೊಬೈಲ್‌ನಲ್ಲಿಯೂ ಓದಬಹುದು.

ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಲು ಪರಿವರ್ತಕ ತಂತ್ರಾಂಶಗಳಿವೆ. ಪರಿವರ್ತನೆಯ ನಂತರ ಒತ್ತಕ್ಷರ, ಅರ್ಕಾವತ್ತು, ಅಂಕಿಗಳು ಹಾಗೂ ನಡುವೆ ಬಂದಿರುವ ಇಂಗ್ಲಿಷ್ ಪದಗಳನ್ನು ಮೂಲದೊಂದಿಗೆ ಹೋಲಿಸಿ ನೋಡುವುದು ಅವಶ್ಯ. ಮೂಲ ಕಡತವನ್ನೂ ಅದರ ಅಕ್ಷರವಿನ್ಯಾಸವನ್ನೂ ಜೊತೆಯಾಗಿ ಕಾಪಾಡಿದರೆ ತಪ್ಪುಗಳನ್ನು ಮುಂದೆಯೂ ತಿದ್ದಬಹುದು. ಲಿಬ್ರೆಆಫೀಸ್‌ನ ಮೆನುಗಳು ಕನ್ನಡದಲ್ಲಿಯೂ ಲಭ್ಯವಿವೆ.

ಅಕ್ರಮ ನಕಲು ಮತ್ತು ಕಾನೂನು

ಭಾರತದ ಹಕ್ಕುಸ್ವಾಮ್ಯ ಕಾಯ್ದೆ, 1957ರ ಪ್ರಕಾರ ಗಣಕಯಂತ್ರದ ಕ್ರಮವಿಧಿಗಳು ಸಾಹಿತ್ಯ ಕೃತಿಗಳ ವ್ಯಾಪ್ತಿಗೆ ಬರುತ್ತವೆ. ಅಕ್ರಮ ನಕಲೆಂದು ತಿಳಿದೂ ಅದನ್ನು ಗಣಕದಲ್ಲಿ ಬಳಸುವುದು ಕಾಯ್ದೆಯ 63ಬಿ ಕಲಮಿನಡಿ ಅಪರಾಧ. ಇದಕ್ಕೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಬಳಕೆಯು ಲಾಭಕ್ಕಾಗಿ ಅಥವಾ ವ್ಯಾಪಾರದ ಭಾಗವಾಗಿ ಆಗಿಲ್ಲದಿದ್ದರೆ ನ್ಯಾಯಾಲಯವು ಕಾರಣಗಳನ್ನು ದಾಖಲಿಸಿ ಸೆರೆವಾಸವನ್ನು ಕೈಬಿಟ್ಟು 50,000 ರೂಪಾಯಿಗಳವರೆಗಿನ ದಂಡವನ್ನು ಮಾತ್ರ ವಿಧಿಸಬಹುದು. ಕಾನೂನುಬದ್ಧವಾಗಿ ಪಡೆದ ತಂತ್ರಾಂಶವು ಹಾಳಾಗುವ ಅಥವಾ ಕಳೆದುಹೋಗುವ ಸಾಧ್ಯತೆಯಿಂದ ರಕ್ಷಿಸಿಕೊಳ್ಳಲು ಕಾಪು ಪ್ರತಿ ಮಾಡಿಟ್ಟುಕೊಳ್ಳುವುದು 52ನೆಯ ಕಲಮಿನ ಪ್ರಕಾರ ಅಪರಾಧವಲ್ಲ.

ಗಣಕ ಜೋಡಿಸಿ ಕೊಡುವವರು ಪರವಾನಗಿಯಿಲ್ಲದ ಪ್ರತಿಯನ್ನು ಉಚಿತವೆಂದು ಹಾಕಿಕೊಡುವುದು, ದೊಡ್ಡ ಸಂಸ್ಥೆಗಳಿಗಾಗಿ ನೀಡಿದ ಸಾಮೂಹಿಕ ಕೀಲಿಗಳನ್ನು ಬಿಡಿಬಿಡಿಯಾಗಿ ಅತಿ ಕಡಿಮೆ ಬೆಲೆಗೆ ಮಾರುವುದು ಅಕ್ರಮ ನಕಲಿನ ಸಾಮಾನ್ಯ ರೂಪಗಳು. ಇಂತಹ ಕೀಲಿಗಳನ್ನು ಕಂಪನಿಯು ಯಾವಾಗ ಬೇಕಾದರೂ ರದ್ದುಪಡಿಸಬಹುದು. ಸಕ್ರಿಯಗೊಳಿಸುವ ಹಂತವನ್ನು ತಪ್ಪಿಸಲು ಬಳಸುವ ಅನಧಿಕೃತ ಸಾಧನಗಳ ಜೊತೆಯಲ್ಲಿ ಕುತಂತ್ರಾಂಶಗಳು ಗಣಕವನ್ನು ಸೇರುವ ಅಪಾಯವೂ ಇದೆ. ಪರವಾನಗಿಗೆ ಹಣ ವಿನಿಯೋಗಿಸಲಾಗದ ವಿದ್ಯಾರ್ಥಿಗಳಿಗೆ ಮತ್ತು ಕುಟುಂಬಗಳಿಗೆ ಮುಕ್ತ ತಂತ್ರಾಂಶಗಳು ಕಾನೂನುಬದ್ಧ ಪರ್ಯಾಯವಾಗಿವೆ.